ಚಿಲಕ ಹೊರಗಿತ್ತು

ಮಾರುಕಟ್ಟೆಯಲ್ಲಿ ಎಲ್ಲರೂ ಟೇಪಕ್ಕ ಎಂದು ಕರೆಯುವ ನಾನು, ವಯಸ್ಸು 46, ಕಸುಬು ಬಟ್ಟೆ ಹೊಲಿಗೆ, ವಾಸ ತರಕಾರಿ ಸಾಲಿನ ಹಿಂದಿನ ಓಣಿ, ಪುರಸಭೆಯ ಅಧ್ಯಕ್ಷರು ನನ್ನ ಮೇಲೆ ಕೊಟ್ಟ ದೂರಿಗೆ ಉತ್ತರವಾಗಿ ಠಾಣೆಗೆ ಬಂದು ಬರೆಸುವುದೇನೆಂದರೆ:

ಪುರಸಭೆಯ ಕೆಲಸಗಳನ್ನು ಪರಿಶೀಲಿಸಿ ವರದಿ ಕೊಡುವ ನಾಗರಿಕರ ಸಮಿತಿಯಲ್ಲಿ ನಾನು ಎರಡು ವರ್ಷಗಳಿಂದ ಸದಸ್ಯೆ. ಮಾರುಕಟ್ಟೆಯ ಮಹಿಳಾ ಶೌಚಾಲಯದ ಬಾಗಿಲುಗಳನ್ನು ಗುತ್ತಿಗೆದಾರರು ಹಿಂದುಮುಂದಾಗಿ ಕೂರಿಸಿದ್ದರಿಂದ ಚಿಲಕಗಳೆಲ್ಲ ಹೊರಗಡೆಗಿದ್ದವು. ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಬಾಗಿಲು ಹಿಡಿದು ನಿಲ್ಲಬೇಕು. ಹೊಲಿಗೆಯ ನಡುವೆ ಬಿಡುವಾದರೆ ನಾನು ಹೋಗಿ ಹಿಡಿಯುತ್ತಿದ್ದೆ, ಉಳಿದಂತೆ ವ್ಯಾಪಾರ ಬಿಟ್ಟು ಯಾರು ನಿಲ್ಲುತ್ತಾರೆ? ಈರುಳ್ಳಿ ಮಾರುವ ನನ್ನ ಅಕ್ಕ ಬೆಳಿಗ್ಗೆಯಿಂದ ಸಂಜೆಯವರೆಗೆ ಗುಟುಕು ನೀರು ಕುಡಿಯುತ್ತಿರಲಿಲ್ಲ. ಮೂತ್ರದ ಸೋಂಕಾಗಿ ಎರಡು ಸಲ ಆಸ್ಪತ್ರೆ ಸೇರಿದ್ದಾಳೆ. ಇದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ನಿನ್ನೆ ಬೆಳಿಗ್ಗೆ 11 ಗಂಟೆಗೆ ಮಾರುಕಟ್ಟೆಯಲ್ಲೇ ಪರಿಶೀಲನಾ ಸಭೆ ನಡೆಯಿತು. ಅಧ್ಯಕ್ಷರು ಬಾಗಿಲಿನ ಫೋಟೊ ಎತ್ತಿ ಹಿಡಿದು, ನೋಡ್ರಮ್ಮ, ಚಿಲಕ ಫಳಫಳ ಅಂತಿದೆ, ಇನ್ನೇನ್ ಬೇಕು ಎಂದು ಕೇಳಿದರು. ಫೋಟೊ ಹೊರಗಿಂದ ತೆಗೆದಿದ್ದು ಸ್ವಾಮಿ ಎಂದು ನಾನು ಹೇಳಿದೆ. ಬನ್ರೀ, ನಾನೇ ತೋರಿಸ್ತೀನಿ ಎಂದು ಅವರು ಎದ್ದು ನಡೆದರು. ಸಭೆಯೂ ಹಿಂದೆ ಹೋಯಿತು.

ಒಳಗೆ ಹೋಗಿ ಬಾಗಿಲನ್ನು ಧಡಾರನೆ ಎಳೆದುಕೊಂಡದ್ದು ಅವರೇ. ಆ ಹೊಡೆತಕ್ಕೆ ಹೊರಗಿನ ಚಿಲಕ ತಾನಾಗಿ ಬಿದ್ದು ಕೊಂಡಿಯಲ್ಲಿ ಕಚ್ಚಿಕೊಂಡಿತು. ನಾನು ಆರು ಅಡಿ ದೂರದಲ್ಲಿದ್ದೆ. ಚಿಲಕ ಹಾಕಿದ್ದು ನಾನು ಎಂಬ ಅವರ ಮಾತು ಶುದ್ಧ ಸುಳ್ಳು. ನಾನೂ ಮೊಟ್ಟೆ ಮಾರುವ ಅಜ್ಜಿಯೂ ಎಳೆದು ನೋಡಿದೆವು, ಜಪ್ಪಯ್ಯ ಅನ್ನಲಿಲ್ಲ. ಬೀಗ ರಿಪೇರಿಯವನಿಗೆ ಹೇಳಿ ಕಳಿಸಿದೆವು.

ಅಧ್ಯಕ್ಷರು ಒಳಗಿನಿಂದ, ಸಭೆಗೆ ಬಂದಿದ್ದ ಪುರಸಭೆಯ ಇಂಜಿನಿಯರನ್ನು ಕೂಗಿ, ದೀಪ ಇಲ್ಲ, ನಲ್ಲೀಲಿ ಹನಿ ನೀರಿಲ್ಲ, ಚಿಲಕ ಹೊರಗಿಟ್ಟ ಕತ್ತೆ ಯಾವನು, ಇಲ್ಲಿಗೆ ಮನುಷ್ಯರು ಬರೋಕಾಗತ್ತೇನ್ರೀ ಎಂದು ಬೈದರು. ಮೊಟ್ಟೆ ಅಜ್ಜಿ ಬಾಗಿಲಿಗೆ ಬಾಯಿಟ್ಟು, ಒಂದು ಅರ್ಜಿ ಕೊಡಪ್ಪ, ಮುಂದಿನ ಸಭೇಲಿ ನೋಡೋಣ ಎಂದರು. ಇದು ಅಧ್ಯಕ್ಷರು ನಮಗೆ ಎರಡು ವರ್ಷದಿಂದ ಹೇಳುತ್ತಿದ್ದ ಮಾತು. ಇಡೀ ಮಾರುಕಟ್ಟೆ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ನಗುವುದು ಅಪರಾಧವಾದರೆ ಒಪ್ಪಿಕೊಳ್ಳುತ್ತೇನೆ. ನಾವು ಎಷ್ಟು ಬಡಕೊಂಡರೂ ಒಪ್ಪದ ಕೊರತೆಗಳನ್ನು ಅವರು ಒಳಗೆ ನಿಂತು ಇಪ್ಪತ್ತೇ ನಿಮಿಷದಲ್ಲಿ ಹೇಳಿ ಮುಗಿಸಿದರು. ಕತ್ತೆ ಎಂಬುದನ್ನು ಬಿಟ್ಟು ಉಳಿದದ್ದನ್ನೆಲ್ಲ ಸಮಿತಿ ಹಾಗೆಯೇ ವರದಿಗೆ ಸೇರಿಸಿತು.

ಬೀಗದವನು ಚಿಲಕ ಕಿತ್ತ ಮೇಲೆ ಅವರು ಬೆವರು ಒರೆಸಿಕೊಳ್ಳುತ್ತ ಹೊರಬಂದರು. ಸಂಜೆಯೊಳಗೆ ಎಲ್ಲ ಸರಿಯಾಗಬೇಕು ಎಂದು ಇಂಜಿನಿಯರಿಗೆ ಗದರಿ, ವರದಿಗೆ ಸಹಿ ಹಾಕಿ, ನೇರ ಠಾಣೆಗೆ ಬಂದು ನನ್ನ ಮೇಲೆ ದೂರು ಕೊಟ್ಟರು. ಸಂಜೆಯೊಳಗೆ ಎಲ್ಲವೂ ಸರಿಯಾಯಿತು.

ಇಂದು ಬೆಳಿಗ್ಗೆ 10.15ಕ್ಕೆ ಅಕ್ಕ ತಕ್ಕಡಿ ಪಕ್ಕಕ್ಕಿಟ್ಟು, ಎಲ್ಲರೆದುರು ಒಂದು ತಂಬಿಗೆ ನೀರನ್ನು ಗಟಗಟನೆ ಕುಡಿದಳು. ಸ್ವಲ್ಪ ಹೊತ್ತಿನ ಮೇಲೆ ಎದ್ದು ಶೌಚಾಲಯಕ್ಕೆ ಹೋದಳು. ನಾನು ಅಭ್ಯಾಸಬಲದಿಂದ ಹಿಂದೆಯೇ ಓಡಿ ಬಾಗಿಲು ಹಿಡಿದೆ. ನೀನ್ಯಾಕೆ ಬಂದೆ, ಹೋಗಿ ಹೊಲಿಗೆ ನೋಡ್ಕೊ ಹೋಗೆ ಎಂದು ಅವಳು ಒಳಗಿನಿಂದಲೇ ಗದರಿದಳು.

ಇಷ್ಟೂ ನಾನು ಕಣ್ಣಾರೆ ಕಂಡದ್ದು. ಬರೆದದ್ದನ್ನು ಓದಿಸಿ ಕೇಳಿದ್ದೇನೆ, ನಾನು ಹೇಳಿದಂತೆಯೇ ನಿಜವಾಗಿದೆ.

ಸ್ಥಳ: ಮಾರುಕಟ್ಟೆ ಪೊಲೀಸ್ ಠಾಣೆ
ದಿನಾಂಕ: ಜೂನ್ 14
ಸಹಿ: ಟೇಪಕ್ಕ