ಮೃದುಲಾಳ ಬಲಗೈ

...ಅಯ್ಯೋ, ಕೈಯೇನೂ ಮುರಿದಿಲ್ಲ ಕಣೇ, ಉಳುಕಿದೆ ಅಷ್ಟೆ. ನಮ್ಮ ಮೃದುಲಾ ಮೆಟ್ಟಿಲಲ್ಲಿ ಜಾರಿದಳು. ಬಲಗೈ. ನಾನೇ ಬ್ಯಾಂಡೇಜ್ ಸುತ್ತಿ, ಮಗಳನ್ನ ವೇದಿಕೆ ಮೇಲೆ ಕೂರಿಸಿ ಬಂದೆ... ಯಾಕೆ ನಗ್ತೀಯ? ಬೆಳಿಗ್ಗೆ ಶಟಲ್ ಆಡ್ತಿದ್ದಳಾ? ಆಡಿದ್ದು ಬೆಳಿಗ್ಗೆ, ಜಾರಿದ್ದು ಆಮೇಲೆ. ಇದಕ್ಕೆಲ್ಲ ನಗಬಾರದು. ಗ್ರೀನ್ ರೂಮ್ ಒಳಗೆ ಬಾ, ಚಪ್ಪಲಿ ಆಚೆ ಬಿಡು. ಹಾಕೇ ಇಲ್ಲವಾ? ಸರಿ, ಕಾಲು ಒರೆಸು.

ನಿನ್ನ ಹೆಸರೇನೋ ಇದೆಯಲ್ಲ... ಇರಲಿ. ಹಾಲು ಹಾಕೋ ವೆಂಕಟರತ್ನಮ್ಮನ ಮಗಳು, ಅಷ್ಟು ಸಾಕು.

ನೋಡು, ಮುಳಬಾಗಿಲಲ್ಲಿ ಈ ಮಕ್ಕಳ ಕಲಾ ಹಬ್ಬ ತೊಂಬತ್ತೊಂದರಿಂದ ಯಾಕೆ ನಡೆಸ್ತಿದ್ದೀವಿ? ನಿಮ್ಮಂಥೋರಿಗಾಗಿ! ಹಳ್ಳಿ ಮಕ್ಕಳು ಉದ್ಧಾರ ಆಗಲಿ ಅಂತ. 'ಕಾರ್ಯದರ್ಶಿ ಅಂಬಾಬಾಯಿ' ಅಂತ ಬ್ಯಾನರಲ್ಲಿ ಬರೆಸಿಕೊಳ್ಳೋಕಲ್ಲ... ಹೆಸರು ದೊಡ್ಡದಾಗಿ ಬಂದಿದ್ದರೆ ಅದು ಪೇಂಟರ್ ಕದಿರೇಶನ ತಪ್ಪು. ಮೊದಲನೇ ಬಹುಮಾನ ಏನು ಗೊತ್ತಾ? ಕೋಲಾರದಲ್ಲಿ ಒಂದು ವರ್ಷ ಚಿತ್ರಕಲೆ ಪಾಠ, ಪುಕ್ಕಟೆ! ಹಳ್ಳಿ ಮಗುವಿಗೇ ಮೀಸಲು. ಈ ಸಲ ಮೃದುಲಾಗೆ ಬಂದಿದೆ... ಏನು ಹಾಗೆ ನೋಡ್ತೀಯ? ತಾಯಲೂರಲ್ಲಿ ಅವಳ ತಾತನ ಮನೆ ಗೋಡೆ ಇನ್ನೂ ನಿಂತಿದೆ. ಅವಳೂ ಹಳ್ಳಿಯವಳೇ.

ಆ ರೇಷ್ಮೆ ಹುಳದ ಚಿತ್ರ... ಹೌದು, ಹುಳ ಸೊಪ್ಪು ತಿನ್ನೋದು, ಅದೇ. ಬೆಂಗಳೂರಿನ ತೀರ್ಪುಗಾರರು ಕನ್ನಡಕ ತೆಗೆದು ತೆಗೆದು ನೋಡಿದರು. 'ಈ ಮಗು ಹುಳದ ಜೊತೇನೇ ಬೆಳೆದಿದೆ' ಅಂದರು. ಮೃದುಲಾ ಹುಳ ಕಂಡರೆ ಮಂಚ ಹತ್ತೋಳು... ಹತ್ತಲಿ. ಮಂಚದ ಮೇಲಿಂದ ಚೆನ್ನಾಗಿ ಕಾಣಿಸುತ್ತೆ.

ಏನಂದೆ? ಏನೂ ಅನ್ನಲಿಲ್ಲವಾ? ಅಂದ ಹಾಗಾಯ್ತು. ನೀನೇ ಯೋಚನೆ ಮಾಡು. ನಿಮ್ಮಮ್ಮ ಹಾಲು ಅಳೆಯೋವಾಗ ನೀನು ಕೂತಿದ್ದು ಯಾರ ಜಗಲಿ? ನಮ್ಮದು. ಹಾಳೆ? ನಮ್ಮದು. ಬಣ್ಣ? ಮೃದುಲಾದು. ಕೂತ ಮಗು ಒಂದಷ್ಟು ಬಣ್ಣ ತುಂಬಿರಬಹುದು, ನಾನು ಇಲ್ಲ ಅನ್ನಲ್ಲ. ಐಡಿಯಾ ಅವಳದು.

ಈಗ ನಮ್ಮ ಹಬ್ಬದ ಪದ್ಧತಿ ಗೊತ್ತಲ್ಲ? ಗೆದ್ದ ಮಗು ಕೊನೇ ದಿನ ಎಲ್ಲರ ಮುಂದೆ ಅದೇ ಚಿತ್ರ ಇನ್ನೊಂದು ಸಲ ಬಿಡಿಸಬೇಕು. ಆ ಪದ್ಧತಿ ತಂದಿದ್ದೂ ನಾನೇ, ಕಳ್ಳಾಟ ಆಗಬಾರದು ಅಂತ! ಕೈ ಉಳುಕಿದೆ, ಅದಕ್ಕೇ ಮೃದುಲಾ ಬಾಯಲ್ಲಿ ಹೇಳ್ತಾಳೆ, ನೀನು ಪಕ್ಕದಲ್ಲಿ ಕೂತು ಬಿಡಿಸು. ಅವಳು 'ಹಸಿರು' ಅಂದಾಗ ಹಸಿರು ಅದ್ದು. ಅದಕ್ಕೆ ಮುಂಚೆ ಅದ್ದಬೇಡ, ಜನ ನೋಡ್ತಿರ್ತಾರೆ. ಮಧ್ಯೆ ಮಧ್ಯೆ 'ಹೀಗಾ ಅಕ್ಕ?' ಅಂತ ಕೇಳು.

ನಿನಗೇನು ಸಿಗುತ್ತೆ ಅಂತಲಾ? ಕೇಳದೆ ಇದ್ದರೂ ಹೇಳ್ತೀನಿ. ಭಾನುವಾರ ಅವಳ ಜೊತೆ ಬಸ್ಸಲ್ಲಿ ಕೋಲಾರಕ್ಕೆ ಹೋಗು. ಬಣ್ಣದ ಚೀಲ ಹಿಡ್ಕೋ. ಕ್ಲಾಸಿನ ಬಾಗಿಲಲ್ಲಿ ಕೂತರೆ ಪಾಠ ಕಿವಿಗೆ ಬೀಳಲ್ವಾ? ಕಲೀಬೇಕು ಅನ್ನೋರಿಗೆ ಬಾಗಿಲೇ ಸಾಕು ಕಣೇ... ಅಳ್ತಿದ್ದೀಯಾ? ಇಲ್ಲ? ಒಳ್ಳೇದು. ಅತ್ತರೆ, ನಾಳೆಯಿಂದ ಹಾಲು ಬೇಡ ಅಂತ ನಿಮ್ಮಮ್ಮನಿಗೆ ಹೇಳೋ ಕಷ್ಟ ನನಗೇ.

ಆಯ್ತು, ಏಳು. ಹಾಡು ಮುಗೀತು, ಪರದೆ ಎಳೀತಿದ್ದಾರೆ. ಆ ಬ್ಯಾಂಡೇಜ್ ಅಲ್ಲೇ ಬಿಡು, ಮಿಕ್ಕಿದ್ದು ಅದು... ಏನ್ ಮಾಡ್ತಿದ್ದೀಯ? ನಿನ್ನ ಕೈಗ್ಯಾಕೆ ಸುತ್ಕೋತೀಯ? ನೀನೆಲ್ಲಿ ಬಿದ್ದೆ?... ಮಾತಾಡೇ... ಎಲ್ಲೂ ಬಿದ್ದಿಲ್ಲ ನೀನು! ಬಲಗೈ ಕಣೇ ಅದು... ಬಿಚ್ಚು ಅಂದೆ! ಮೈಕಲ್ಲಿ ಮೃದುಲಾ ಹೆಸರು ಕೂಗ್ತಿದ್ದಾರೆ, ಕೇಳಿಸ್ತಾ? ಒಬ್ಬಳೇ ಕೂತಿದ್ದಾಳೆ. ಹುಳದ ತಲೆ ಯಾವ ಕಡೆ ಅಂತಾನೂ ಗೊತ್ತಿಲ್ಲ ಅವಳಿಗೆ, ಒಂದು ಗೆರೆ ಎಳೆದೋಳಲ್ಲ ಅವಳು... ಅಯ್ಯೋ, ಹಲ್ಲಲ್ಲಿ ಕಚ್ಚಿ ಗಂಟು ಬಿಗೀಬೇಡ... ಶಿರೀಷಾ... ನಮ್ಮಮ್ಮ ಅಲ್ವಾ... ಶಿರೀಷಮ್ಮಾ...