ಉಡಚವ್ವನ ಕೋಣೆಯ ಬೀಗ

ನನ್ನ ಹೆಸರು ಓಬವ್ವ ಕೋಂ ಲೇಟ್ ಬೈಲಪ್ಪ, ವಯಸ್ಸು 61 ವರ್ಷ, ಕೂಲಿ ಕೆಲಸ ಮತ್ತು ಉಡಚವ್ವನ ಪೂಜಾರಿಕೆ, ವಾಸ ಸವಳಂಗದ ಹತ್ತಿರದ ಮುಳುಗಡೆ ಕಾಲೋನಿ, ಹೊನ್ನಾಳಿ ತಾಲ್ಲೂಕು. ಈ ಮೂಲಕ ತಿಳಿಸುವುದೇನೆಂದರೆ,

ಅಣೆಕಟ್ಟಿನ ನೀರಿನಲ್ಲಿ ನಮ್ಮ ಹಳೇ ಊರು ಮುಳುಗಿ, ಆರು ವರ್ಷದ ಹಿಂದೆ ಇಲ್ಲಿಗೆ ಬಂದೆವು. ನಮಗೆ ಇದ್ದದ್ದು ಹುಲ್ಲಿನ ಗುಡಿಸಲು. ಸರ್ಕಾರದವರು ಕಟ್ಟಿದ ಕಕ್ಕಸಿಗೆ ಮಾತ್ರ ಕಲ್ಲುಗೋಡೆ, ಹೆಂಚು, ಬಾಗಿಲು ಇದ್ದವು. ಅದನ್ನು ಯಾರೂ ಬಳಸಿರಲಿಲ್ಲ. ಹಳೇ ಊರಿನಿಂದ ತಂದ ನಮ್ಮ ದೇವರು ಉಡಚವ್ವ ಮಳೆಯಲ್ಲಿ ನೆನೆಯಬಾರದೆಂದು ಗುಂಡಿಗೆ ಚಪ್ಪಡಿ ಮುಚ್ಚಿ, ಅವಳನ್ನು ಅಲ್ಲೇ ಕೂರಿಸಿದೆವು. ಮಕ್ಕಳು ಬೋರಿಂಗ್ ಪಕ್ಕದ ಮೋರಿ ದಡದಲ್ಲಿ ಹೊರಕಡೆಗೆ ಕೂರುತ್ತಾರೆ, ಅಲ್ಲೇ ಮಣ್ಣಿನಲ್ಲಿ ಆಡುತ್ತಾರೆ.

ಮೊನ್ನೆ ಭಾನುವಾರ ಅಂಜಿನಮ್ಮನ ಮಗಳು ಹಾಲಮ್ಮ, ಐದು ವರ್ಷ, ವಾಂತಿಯಲ್ಲಿ ಗೇಣುದ್ದದ ಜಂತುಹುಳ ಕಾರಿದಳು. ಹೊಟ್ಟೆ ಗಡಿಗೆಯಂತಾಗಿತ್ತು. ಶಿವಮೊಗ್ಗದಲ್ಲಿ ಹೊಟ್ಟೆ ಕೊಯ್ದು ಹುಳದ ಉಂಡೆ ತೆಗೆದರು. ಕೂಸು ಇನ್ನೂ ಕಣ್ಣು ಬಿಟ್ಟಿಲ್ಲ.

ಇಂದು ಬೆಳಿಗ್ಗೆ 10 ಗಂಟೆಗೆ ನರ್ಸಮ್ಮ ಅನ್ನಪೂರ್ಣಮ್ಮನವರು ಹುಳದ ಔಷಧಿ ತಂದರು. ಬರೀ ಔಷಧಿಯಿಂದ ಆಗುವುದಿಲ್ಲ, ಮೋರಿ ದಡದ ಮಣ್ಣು ಕೈಯಿಂದ ಬಾಯಿಗೆ ಹೋದರೆ ಹುಳ ಮತ್ತೆ ಬರುತ್ತದೆ, ಕಕ್ಕಸು ತೆರೆಯಿರಿ ಎಂದರು. ಕಾಲೋನಿಯ ಮುಖಂಡ ತಿಪ್ಪೇಶಪ್ಪನು ಬಾಗಿಲಿಗೆ ಅಡ್ಡ ನಿಂತು, ಅವ್ವ ಇರೋ ಜಾಗದಾಗೆ ಹೇಲಾಕೆ ಕೂರಂತೀರೇನ್ರೀ ಎಂದು ಕೂಗಿದನು. ಜನ ಸುತ್ತುವರಿದರು. ಒಬ್ಬನು ಕಲ್ಲು ಎತ್ತಿಕೊಂಡನು. ಆಸ್ಪತ್ರೆಗೆ ಬಟ್ಟೆ ಒಯ್ಯಲು ಬಂದಿದ್ದ ಅಂಜಿನಮ್ಮ, ಮಗಳ ಲಂಗ ಕೈಯಲ್ಲಿ ಹಿಡಿದು ನನ್ನನ್ನೇ ನೋಡಿದಳು.

ಕೀಲಿ ನನ್ನ ಸೊಂಟದಲ್ಲಿತ್ತು. ನಾನೇ ತಿಪ್ಪೇಶಪ್ಪನನ್ನು ಸರಿಸಿ ಬೀಗ ತೆಗೆದೆ. ಅವ್ವನನ್ನು ಸೆರಗಿನಲ್ಲಿ ಸುತ್ತಿ ಎತ್ತಿಕೊಂಡೆ. ಅವನು, ಏನ್ ಮುದುಕಿ, ದೇವರನ್ನ ನಿನ್ನ ಒಲೆ ಮುಂದೆ ಕೂರಿಸ್ತೀಯಾ ಎಂದು ಹಂಗಿಸಿದನು. ನನ್ನ ಸೊಸೆಗಿಂತ ಚೆಂದ ಹೊಂದ್ಕೊಂತಾಳೆ ಬಿಡಪ್ಪಾ ಎಂದೆ. ಒಂದಿಬ್ಬರು ನಕ್ಕರು. ಕಲ್ಲು ಹಿಡಿದ ಕೈ ಕೆಳಗಾಯಿತು.

ನರ್ಸಮ್ಮ ಬೀಗ ಒಡೆದು ದೇವರನ್ನು ಬಿಸಾಡಿದರೆಂದು ತಿಪ್ಪೇಶಪ್ಪ ಈ ಠಾಣೆಯಲ್ಲಿ ಕೊಟ್ಟ ದೂರು ಸುಳ್ಳು. ಅವ್ವ ನನ್ನ ಗುಡಿಸಲಿನಲ್ಲಿ ಕೂತಿದ್ದಾಳೆ. ಬೀಗ, ಕೀಲಿ ಎರಡನ್ನೂ ತಂದಿದ್ದೇನೆ, ಸ್ವಾಮಿಯವರು ಹಾಕಿ ತೆಗೆದು ನೋಡಬಹುದು. ನರ್ಸಮ್ಮನವರು ಮಧ್ಯಾಹ್ನದಿಂದ ಹೊರಗಿನ ಬೆಂಚಿನ ಮೇಲಿದ್ದಾರೆ, ನೀರೂ ಕುಡಿದಿಲ್ಲ. ಅವರ ಚೀಲ ತಮ್ಮ ಮೇಜಿನ ಮೇಲಿದೆ. ಔಷಧಿ ಅದರೊಳಗಿದೆ. ನಮ್ಮ ಮಕ್ಕಳು ಇನ್ನೂ ಕುಡಿದಿಲ್ಲ. ಕಕ್ಕಸಿನ ಬಾಗಿಲು ತೆರೆದೇ ಇದೆ. ಹಾಕಬೇಕೆಂದರೆ ಬೀಗ ಇಲ್ಲಿದೆ.

ಇದಿಷ್ಟು ನಾನು ಕಂಡದ್ದು, ಮಾಡಿದ್ದು. ಬರೆದದ್ದನ್ನು ನಾನೇ ಓದಿಕೊಂಡೆ, ಸರಿಯಾಗಿದೆ. ಹೆಬ್ಬೆಟ್ಟು ಬೇಡ, ದೂರದೂರಿನಲ್ಲಿರುವ ನನ್ನ ಮಕ್ಕಳಿಗೆ ಕಾಗದ ಬರೆದೂ ಬರೆದೂ ಸಹಿ ಕಲಿತಿದ್ದೇನೆ.

ಸ್ಥಳ: ಸವಳಂಗ
ದಿನಾಂಕ: 14-8-1979
ಸಹಿ: ಓಬವ್ವ