ತೆಗೆದಿಟ್ಟ ಮಾತ್ರೆ

"ಗಂಡಸಂತ ಗಂಡಸು. ಬಸಿರಾಗದಂಗ ನುಂಗೋ ಮಾತ್ರಿ ತರಾಕ ನಾಚಿಕೊಂಡಿ."

ಅಮೆರಿಕದ ಶಾರ್ಲೆಟ್‌ನ ಇಂಡಿಯನ್ ಅಂಗಡಿಯಲ್ಲಿ ಬಿಲ್ಲಿಗೆ ನಿಂತಿದ್ದ ಶ್ರೀದೇವಿ, ಸಾಲಿನಲ್ಲಿ ಕನ್ನಡದವರು ಯಾರೂ ಇಲ್ಲವೆಂದುಕೊಂಡು ತಮ್ಮ ಸಿದ್ಧಲಿಂಗೇಶನಿಗೆ ಗಟ್ಟಿಯಾಗಿಯೇ ಹೀಗಂದಳು. ಹಿಂದೆ ನಿಂತಿದ್ದ, ಅವರಿಗೆ ಪರಿಚಯವಿಲ್ಲದ ಕನ್ನಡಿಗ ಕರಬಸಪ್ಪ ಫೋನ್ ನೋಡುವವನಂತೆ ತಲೆ ತಗ್ಗಿಸಿದ.

"ಮೆಲ್ಲಗ ಮಾತಾಡಕ್ಕ."

"ಯಾಕ ಮೆಲ್ಲಗ? ಸರ್ಕಾರದವರು ರೊಕ್ಕ ನಿಲ್ಲಿಸಿದ್ರು, ನಾ ಪುಕ್ಕಟೆ ಮಾತ್ರಿ ತಗೊಳ್ಳೋ ಕ್ಲಿನಿಕ್ ಮುಚ್ಚಿತು. ಇನ್ಶೂರೆನ್ಸ್ ಇಲ್ಲ. ಊರಿಂದ ಬರೋವಾಗ ತಾರೋ ಅಂತ ಕೈ ಮುಗಿದು ಹೇಳಿದ್ದೆ."

"ತಗೊಂಡಿದ್ದೆ. ಅವ್ವ ಬ್ಯಾಗ್ ತುಂಬಾಕ ಕುಂತ್ಲು. ಅಕಿ ಕೈಗೆ ಸಿಕ್ರ ಏನಂತ ಹೇಳ್ಲಿ? ಬ್ಯಾಗಿಂದ ತೆಗೆದಿಟ್ಟೆ."

"ಆ ಜಾಗಕ್ಕ ಶೇಂಗಾ ಚಟ್ನಿ ಬಂತು."

"ತಪ್ಪಾತು ಅಕ್ಕ. ಬಸಿರಿನ ಸುದ್ದಿ ಕೇಳಿ ಮಾಮಾ ಏನಂದ್ರು?"

"ದೇವರು ಕೊಟ್ಟಿದ್ದು ಅಂದ್ರು. ನರ್ಸಿಂಗ್ ಸೀಟು ಸಿಕ್ಕಾಗ ದೇವರ ಹೆಸರು ಯಾರೂ ಎತ್ತಲಿಲ್ಲ."

"ಒಂದು ವರ್ಷ ಬಿಟ್ಟು ಓದಬಹುದಲ್ಲ?"

"ಒಂದು ವರ್ಷ ಬಿಟ್ಟು ಕೂಸಿನ್ನ ಯಾರು ನೋಡ್ತಾರ, ನೀನೇನು? ಜನವರಿಗೆ ಕ್ಲಾಸು. ಆಗ ನನಗ ಏಳು ತಿಂಗಳು ತುಂಬಿರ್ತಾವ. ಸೀಟು ಬ್ಯಾಡ ಅಂತ ಕಾಲೇಜಿಗೆ ನಾ ಫೋನ್ ಮಾಡ್ಲೋ, ನೀ ಮಾಡ್ತೀಯೋ?"

ಸಿದ್ಧಲಿಂಗೇಶ ಕೈಯಲ್ಲಿದ್ದ ಬುಟ್ಟಿಯನ್ನು ಅಕ್ಕನ ಕಾಲ ಬಳಿ ಮೆಲ್ಲಗೆ ಇಟ್ಟ. ಯಾರ ಮುಖವನ್ನೂ ನೋಡದೆ ಬಾಗಿಲು ತಳ್ಳಿಕೊಂಡು ಹೊರಗೆ ನಡೆದುಬಿಟ್ಟ.